ಕೇಳಿ, ಹೇಳುತ್ತೇನೆ: ಒಬ್ಬರ ಉಳಿಕೆ, ಪಕ್ಕದವರ ಕಚ್ಚಾಮಾಲು

ಹೋದ ಸಂಚಿಕೆಯಲ್ಲಿ ಓದುಗರಿಗೆ ಒಂದು ಮಾತು ಕೇಳಿದ್ದೆವು. ನಿಮ್ಮ ಹೊಲದಲ್ಲಿ, ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ ಕೆಲಸ ಮುಗಿದ ಮೇಲೆ ಉಳಿಯುವ ವಸ್ತು ಎಲ್ಲಿಗೆ ಹೋಗುತ್ತದೆ? ಮಂಡ್ಯ, ಮೈಸೂರು ಕಡೆಯಿಂದಲೇ ಜಾಸ್ತಿ ಪತ್ರಗಳು ಬಂದಿವೆ. ನಾನು ಮಂಡ್ಯ ಸೀಮೆಯ ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿ ದುಡಿದವಳು. ಹಾಗಾಗಿ ನನ್ನ ಉತ್ತರಗಳಲ್ಲಿ ಕಬ್ಬಿನ ಮಾತು ಸ್ವಲ್ಪ ಮುಂದಿರುತ್ತದೆ.

ಪ್ರಶ್ನೆ: ಮೇಡಂ, ನಮಗೆ ಸೆಮಿನಾರಿಗೆ 'ಸರ್ಕ್ಯುಲರ್ ಎಕಾನಮಿ ಮತ್ತು ಉದ್ಯಮಗಳ ಸುಸ್ಥಿರ ಬೆಳವಣಿಗೆ' ಅನ್ನುವ ವಿಷಯ ಕೊಟ್ಟಿದ್ದಾರೆ. ಎಲ್ಲಿ ಹುಡುಕಿದರೂ ಬಾಣದ ಗುರುತು ಹಾಕಿದ ಒಂದು ವೃತ್ತದ ಚಿತ್ರ ಸಿಗುತ್ತದೆ. ನಿಜವಾದ ಕಾರ್ಖಾನೆಯೊಳಗೆ ಅದು ಹೇಗೆ ನಡೆಯುತ್ತದೆ? ಅದರಿಂದ ಉದ್ಯಮ ಬೆಳೆಯುತ್ತದಾ?
ಬಿ.ಕಾಂ. ವಿದ್ಯಾರ್ಥಿನಿ, ಸರಸ್ವತಿಪುರಂ, ಮೈಸೂರು

ಚಿತ್ರ ಪಕ್ಕಕ್ಕಿಡಮ್ಮ. ಒಬ್ಬರ ಉಳಿಕೆ ಇನ್ನೊಬ್ಬರ ಕಚ್ಚಾಮಾಲಾಗಿ, ವಸ್ತು ಕಸವಾಗದೆ ಸುತ್ತುತ್ತಲೇ ಇರುವುದಕ್ಕೆ ಸರ್ಕ್ಯುಲರ್ ಎಕಾನಮಿ ಅನ್ನುತ್ತಾರೆ, ಅಷ್ಟೇ. ಒಂದು ಟನ್ ಕಬ್ಬಿನ ಹಿಂದೆ ಹೋಗೋಣ.

ಗೇಟಿನಲ್ಲಿ ತೂಕವಾಗಿ ಒಳಗೆ ಬಂದ ಒಂದು ಟನ್ ಕಬ್ಬಿನಿಂದ ಸಿಗುವ ಸಕ್ಕರೆ ಸುಮಾರು 100 ಕಿಲೋ. ಉಳಿದದ್ದೆಲ್ಲ ಏನಾಯಿತು? ಕಬ್ಬಿನ ತೂಕದಲ್ಲಿ ನೂರಕ್ಕೆ 70 ಭಾಗ ನೀರೇ. ರಸ ಕುದಿಸುವಾಗ ಆವಿಯಾಗುವ ಆ ನೀರನ್ನು ತಣಿಸಿ ಹಿಡಿದರೆ ಬಾಯ್ಲರಿಗೂ ಗಿರಣಿಗೂ ಬಳಸಬಹುದು. ಕಾಲುವೆಯಿಂದಲೋ ಬೋರ್‌ವೆಲ್ಲಿನಿಂದಲೋ ಎಳೆಯುವ ನೀರು ಅಷ್ಟರಮಟ್ಟಿಗೆ ಉಳಿಯುತ್ತದೆ. ಜೊತೆಗೆ 280ರಿಂದ 300 ಕಿಲೋ ಹಸಿ ಸಿಪ್ಪೆ ಬರುತ್ತದೆ. ರಸ ತಿಳಿ ಮಾಡುವಾಗ ಕೆಳಗೆ ಕೂರುವ ಮಡ್ಡಿ, ಅಂದರೆ ಪ್ರೆಸ್‌ಮಡ್, 30-40 ಕಿಲೋ. ಕೊನೆಗೆ ಸುಮಾರು 45 ಕಿಲೋ ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ.

ಸಿಪ್ಪೆಯಿಂದ ಶುರು ಮಾಡೋಣ. ಕೊನೆಯ ಗಿರಣಿಯಿಂದ ಉದುರಿದ ಸಿಪ್ಪೆಯನ್ನು ಮುಷ್ಟಿಯಲ್ಲಿ ಎಷ್ಟು ಹಿಂಡಿದರೂ ಒಂದು ಹನಿ ಬೀಳುವುದಿಲ್ಲ. ಒಣಗಿದೆ ಅನ್ನಿಸುತ್ತದೆ. ಅದನ್ನೇ ಲ್ಯಾಬಿಗೆ ತಂದು ತೂಗಿ, ಓವನ್ನಿನಲ್ಲಿ ಒಣಗಿಸಿ ಮತ್ತೆ ತೂಗಿದರೆ ತೂಕ ಅರ್ಧಕ್ಕೆ ಇಳಿದಿರುತ್ತದೆ. ಆ ಅರ್ಧ ನೀರು ಬಾಯ್ಲರಿಗೆ ಹೋದರೆ ಬೆಂಕಿಯ ಶಕ್ತಿಯಲ್ಲಿ ಒಂದು ಪಾಲು ಅದನ್ನು ಆವಿ ಮಾಡುವುದಕ್ಕೇ ಖರ್ಚು. ಹಳೆಯ ಕಾರ್ಖಾನೆಗಳಲ್ಲಿ ಸಿಪ್ಪೆ ಖಾಲಿಯಾದರೆ ಸಾಕು ಅನ್ನುವಂತೆ ಕಡಿಮೆ ಒತ್ತಡದ ಬಾಯ್ಲರಿಗೆ ಸುರಿಯುತ್ತಿದ್ದರು. ಹೆಚ್ಚು ಒತ್ತಡದ ಬಾಯ್ಲರ್ ಹಾಕಿದ ಕಡೆ ಅದೇ ಸಿಪ್ಪೆ ಕಾರ್ಖಾನೆಯನ್ನು ನಡೆಸಿ, ಮಿಕ್ಕ ಕರೆಂಟನ್ನು ಗ್ರಿಡ್ಡಿಗೆ ಮಾರುವಷ್ಟು ದುಡಿಯುತ್ತದೆ. ಸಿಪ್ಪೆಯಿಂದ ಕಾಗದವನ್ನೂ ಮಾಡಬಹುದು. ಬೆಳಗೊಳದಲ್ಲಿ ಒಂದು ಕಾಲಕ್ಕೆ ಆ ಕಾಗದದ ಕಾರ್ಖಾನೆ ಇತ್ತು ಅನ್ನುವುದು ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ನನ್ನ ಅಭಿಪ್ರಾಯ ಕೇಳಿದರೆ, ನಾರನ್ನು ಮೊದಲು ನಾರಾಗಿ ಬಳಸಬೇಕು. ಸುಡುವುದು ಕೊನೆಯ ದಾರಿ. ಒಮ್ಮೆ ಸುಟ್ಟರೆ ಮತ್ತೆ ಅದು ನಾರಾಗುವುದಿಲ್ಲ.

ಕಾಕಂಬಿ ಡಿಸ್ಟಿಲರಿಗೆ ಹೋಗುತ್ತದೆ. ಒಂದು ಟನ್ ಕಾಕಂಬಿಯಿಂದ 220 ಲೀಟರಿಗೂ ಮೇಲೆ ಎಥೆನಾಲ್ ಸಿಗುತ್ತದೆ. ಅದು ನಿಮ್ಮ ಸ್ಕೂಟರಿನ ಪೆಟ್ರೋಲಿನಲ್ಲೂ ಸೇರಿದೆ. ಹುಳಿ ಬರುವಾಗ ಹೊರಡುವ ಕಾರ್ಬನ್ ಡೈ ಆಕ್ಸೈಡನ್ನು ಹಿಡಿದು ಸೋಡಾ ತಯಾರಿಸುವವರಿಗೆ ಕೊಡಬಹುದು. ಇಲ್ಲಿಯವರೆಗೆ ಎಲ್ಲ ಸಲೀಸು. ತಲೆನೋವು ಇರುವುದು ಎಥೆನಾಲ್ ತೆಗೆದ ಮೇಲೆ ಉಳಿಯುವ ಸ್ಪೆಂಟ್‌ವಾಶ್ ಅನ್ನುವ ಕಂದು ನೀರಿನಲ್ಲಿ. ಒಂದು ಲೀಟರ್ ಎಥೆನಾಲಿಗೆ ಅದು ಎಂಟು-ಹತ್ತು ಲೀಟರ್ ಬರುತ್ತದೆ. ಹಳ್ಳಕ್ಕೆ ಬಿಟ್ಟರೆ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಅದೇ ತಿಂದು ಮೀನು ಸಾಯುತ್ತವೆ. ಆದರೆ ಆ ನೀರಿನಲ್ಲಿ ಕಬ್ಬು ನೆಲದಿಂದ ಎಳೆದುಕೊಂಡ ಪೊಟ್ಯಾಷ್ ಇದೆ. ಸ್ಪೆಂಟ್‌ವಾಶನ್ನು ಗಟ್ಟಿಯಾಗಿಸಿ ವಿಶೇಷ ಬಾಯ್ಲರಿನಲ್ಲಿ ಸುಟ್ಟರೆ ಸಿಗುವ ಬೂದಿಯಿಂದ ಗೊಬ್ಬರ ಮಾಡುತ್ತಾರೆ. ನೂರಕ್ಕೆ 14.5 ಭಾಗ ಪೊಟ್ಯಾಷ್ ಇರುವ ಈ ಗೊಬ್ಬರವನ್ನು ಕೇಂದ್ರ ಸರ್ಕಾರ 2021ರಲ್ಲಿ ಸಬ್ಸಿಡಿ ಪಟ್ಟಿಗೆ ಸೇರಿಸಿತು. ನಮ್ಮ ದೇಶ ಪೊಟ್ಯಾಷ್ ಗೊಬ್ಬರಕ್ಕೆ ಹೊರದೇಶಗಳನ್ನೇ ನಂಬಿಕೊಂಡಿದೆ. ಮದ್ದೂರಿನ ಗದ್ದೆಯಿಂದ ಹೋದ ಪೊಟ್ಯಾಷ್ ಮತ್ತೆ ಮದ್ದೂರಿನ ಗದ್ದೆಗೇ ಬರುವುದು ನನಗೆ ಬಹಳ ದೊಡ್ಡ ವಿಷಯ. ಪ್ರೆಸ್‌ಮಡ್ಡೂ ಹಾಗೆಯೇ. ಅದರಿಂದ ಗ್ಯಾಸ್ ತೆಗೆಯಬಹುದು, ಗ್ಯಾಸ್ ತೆಗೆದ ಮೇಲೂ ಗೊಬ್ಬರ ಉಳಿಯುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಹೌದು, ಬೆಳೆಯುತ್ತದೆ. ಸಕ್ಕರೆ ಬೆಲೆ ಬಿದ್ದ ವರ್ಷ ಕಾರ್ಖಾನೆ ಬೀಳದಂತೆ ಕಾಯುವುದು ಕಾಕಂಬಿ ಮತ್ತು ಕರೆಂಟು. ರೈತರ ಬಾಕಿ ತೀರುವುದೂ ಆ ದುಡ್ಡಿನಿಂದ. ಆದರೆ ಇದು ತಾನಾಗಿಯೇ ಆಗುವುದಿಲ್ಲ. ಉಳಿಕೆ ಬೇರೆ ಯಾವುದರ ಜೊತೆಗೂ ಬೆರೆಯದೆ ಇರಬೇಕು. ಅದು ಬೇಕಾದವರು ಹತ್ತಿರ ಇರಬೇಕು. ವರ್ಷಪೂರ್ತಿ ಒಂದೇ ಗುಣದಲ್ಲಿ ಸಿಗಬೇಕು. ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಸಿಪ್ಪೆ ಇಲ್ಲ ಅಂದರೆ ಕಾಗದದವನು ಯಾಕೆ ನಂಬಿ ಯಂತ್ರ ಹಾಕುತ್ತಾನೆ, ಹೇಳಿ? ಸೆಮಿನಾರಿನಲ್ಲಿ ಈ ಭಾಗಕ್ಕೆ ಜಾಸ್ತಿ ಸಮಯ ಕೊಡಿ.

ಮೈಸೂರಿನದೇ ಇನ್ನೊಂದು ಉದಾಹರಣೆ ಬೇಕಿದ್ದರೆ ಶ್ರೀಗಂಧ ತೆಗೆದುಕೊಳ್ಳಿ. 1916ರಲ್ಲಿ, ಮೊದಲ ಮಹಾಯುದ್ಧದಿಂದ ಯುರೋಪಿಗೆ ಗಂಧದ ಮರ ಹೋಗುವುದು ನಿಂತಾಗ, ಮೈಸೂರು ಸಂಸ್ಥಾನ ತಾನೇ ಎಣ್ಣೆ ತೆಗೆಯಲು ಶುರು ಮಾಡಿತು. ಎಣ್ಣೆ ತೆಗೆದ ಮೇಲೂ ಗಂಧದ ಪುಡಿಯಲ್ಲಿ ಸ್ವಲ್ಪ ಪರಿಮಳ ಇರುತ್ತದೆ. ಅದನ್ನು ಅಗರಬತ್ತಿಯವರು ಕೊಳ್ಳುತ್ತಾರೆ. ಎಣ್ಣೆ, ಸೋಪು, ಊದುಬತ್ತಿ, ಎಲ್ಲಕ್ಕೂ ಅದೇ ಮರ.

ಪ್ರಶ್ನೆ: ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಹಾಕದೆ ಬೇರೆ ದಾರಿಯೇ ಇಲ್ಲ ಅನ್ನಿಸುತ್ತದೆ. ಒಂದು ವರ್ಷ ಸುಡದೆ ಬಿಟ್ಟೆ, ಕಡಿದ ಬುಡದಿಂದ ಮತ್ತೆ ಚಿಗುರಿದ ಕೂಳೆ ಹಳದಿ ತಿರುಗಿತು. ಪಕ್ಕದವರು ನಕ್ಕರು.
ರೈತರು, ಪಾಂಡವಪುರ ತಾಲ್ಲೂಕು

ಯಜಮಾನರೇ, ನೀವು ಮಾಡಿದ್ದು ಸರಿಯಾಗಿಯೇ ಇತ್ತು. ಹಳದಿ ತಿರುಗಿದ್ದಕ್ಕೆ ಕಾರಣ ಇದೆ. ತರಗಿನಲ್ಲಿ ಇಂಗಾಲ ಜಾಸ್ತಿ, ಸಾರಜನಕ ತೀರ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು. ತರಗಿನಲ್ಲಿ ಸಿಗದಿದ್ದಾಗ ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಆ ಹೊತ್ತಿಗೆ ಕೂಳೆಯ ಮೊಳಕೆಗೆ ಕೊರತೆ ಬೀಳುತ್ತದೆ. ತರಗು ಹರಡಿದ ಮೇಲೆ ಸ್ವಲ್ಪ ಯೂರಿಯಾ, ಸೂಪರ್ ಫಾಸ್ಫೇಟ್, ಸಗಣಿ ಬಗ್ಗಡ ಅಥವಾ ಕೊಳೆಸುವ ಜೀವಾಣು ಪುಡಿ ಹಾಕಿ ನೀರು ಬಿಟ್ಟರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ. ಎಷ್ಟು ಹಾಕಬೇಕು ಅನ್ನುವುದನ್ನು ನಿಮ್ಮ ಮಣ್ಣು ತೋರಿಸಿ ವಿ.ಸಿ. ಫಾರಂನಲ್ಲಿ ಕೇಳಿ. ಕಬ್ಬಿನ ಸಂಶೋಧನೆ ನಡೆಯುವ ಜಾಗ ನಿಮ್ಮ ಜಿಲ್ಲೆಯಲ್ಲೇ ಇದೆ, ಬಳಸಿಕೊಳ್ಳಿ.

ಎಕರೆಗೆ ಮೂರು-ನಾಲ್ಕು ಟನ್ ತರಗು ಬೀಳುತ್ತದೆ. ಬೆಂಕಿ ಹಾಕಿದರೆ ಅದರಲ್ಲಿದ್ದ ಸಾರಜನಕ ಹೊಗೆಯ ಜೊತೆ ಹೋಗುತ್ತದೆ, ಮೇಲುಮಣ್ಣಿನ ಜೀವ ಸಾಯುತ್ತದೆ, ಗಾಳಿ ತಿರುಗಿದರೆ ಪಕ್ಕದವರ ನಿಂತ ಕಬ್ಬಿಗೂ ತಗಲುತ್ತದೆ. ಹಾಸಿದರೆ ಕಳೆ ಕಡಿಮೆ, ತೇವ ಉಳಿಯುತ್ತದೆ. ನಾಲೆಯಲ್ಲಿ ನೀರಿನ ಸರದಿ ತಡವಾದಾಗ ಆ ತೇವವೇ ಕೂಳೆಯನ್ನು ಕಾಯುತ್ತದೆ. ಒಂದು ಸಾಲು ಬಿಟ್ಟು ಒಂದು ಸಾಲಿಗೆ ತರಗು ಎಳೆದರೆ ನೀರು ಹಾಯಿಸುವುದು ಸಲೀಸು. ಟ್ರ್ಯಾಕ್ಟರಿಗೆ ಕಟ್ಟುವ ತರಗು ಪುಡಿ ಮಾಡುವ ಯಂತ್ರ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದೆಯೇ ಕೇಳಿ ನೋಡಿ. ನಾಲ್ಕು ಜನ ಒಟ್ಟಿಗೆ ಕರೆಸಿದರೆ ಬಾಡಿಗೆ ಹೊರೆಯಾಗುವುದಿಲ್ಲ.

ಪ್ರಶ್ನೆ: ನಮ್ಮದು ಆಲೆಮನೆ. ಮಳೆಗಾಲದಲ್ಲಿ ಸಿಪ್ಪೆ ಒಣಗುವುದಿಲ್ಲ, ಒಲೆಗೆ ಸಾಲುವುದಿಲ್ಲ. ಮೈಸೂರು, ಬೆಂಗಳೂರು ಕಡೆಯಿಂದ ಲಾರಿಯಲ್ಲಿ ರಬ್ಬರ್ ಚೂರು, ಪ್ಲಾಸ್ಟಿಕ್ ಚೂರು ಅಗ್ಗಕ್ಕೆ ತಂದು ಹಾಕುತ್ತೇವೆ ಅನ್ನುತ್ತಾರೆ. 'ಇದೂ ಮರುಬಳಕೆಯೇ, ವೇಸ್ಟಿನಿಂದ ಶಕ್ತಿ' ಅಂತ ಅವರ ವಾದ. ಮೇಡಂ, ಇದು ಸರಿಯಾ?
ಆಲೆಮನೆ ಮಾಲೀಕರು, ಮಂಡ್ಯ ತಾಲ್ಲೂಕು

ಖಂಡಿತ ಸರಿಯಲ್ಲ. ದಯವಿಟ್ಟು ಹಾಕಬೇಡಿ.

ಟೈರು ಉರಿದರೆ ಗಂಧಕದ ಹೊಗೆ, ಮಸಿ, ಕ್ಯಾನ್ಸರ್ ತರುವ ರಾಸಾಯನಿಕಗಳು ಬರುತ್ತವೆ. ಪ್ಲಾಸ್ಟಿಕ್ ಚೂರಿನಲ್ಲಿ ಪಿ.ವಿ.ಸಿ. ಸೇರಿದ್ದರೆ ಆಮ್ಲದ ಹೊಗೆಯ ಜೊತೆಗೆ ಡಯಾಕ್ಸಿನ್ ಅನ್ನುವ ವಿಷವೂ ಹುಟ್ಟುತ್ತದೆ. ಅದು ಬೇಗ ಕರಗುವ ವಿಷವಲ್ಲ. ಮೇವಿಗೆ ಇಳಿದು ಹಾಲಿನಲ್ಲಿ ಸೇರುತ್ತದೆ. ಒಲೆಯ ಬಾಯಿಯಲ್ಲಿ ಕೂತು ಉರುವಲು ನೂಕುವ ಕೆಲಸದವರ ಮುಖ ಆ ಹೊಗೆಯಿಂದ ಎಷ್ಟು ದೂರ ಇರುತ್ತದೆ? ಒಂದು ಮಾರು ದೂರವೂ ಇಲ್ಲ. ತೆರೆದ ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿರುವಾಗ ಅದೇ ಮಸಿ ಮೇಲೆ ಹಾರಾಡುತ್ತದೆ. ಮಂಡ್ಯದ ಬೆಲ್ಲ ಅನ್ನುವ ಹೆಸರು ಕಟ್ಟಲು ಎಷ್ಟೋ ತಲೆಮಾರು ಬೇಕಾಯಿತು. ಅದನ್ನು ಕೆಡಿಸಲು ಒಂದು ಲಾರಿ ಚೂರು ಸಾಕು.

ಅವರ ವಾದಕ್ಕೂ ಉತ್ತರ ಹೇಳುತ್ತೇನೆ. ನಗರದ ಕಾರ್ಖಾನೆ ತನ್ನ ತೊಂದರೆಯನ್ನು ನಿಮ್ಮ ಊರಿನ ಗಾಳಿಗೆ ದಾಟಿಸಿ ಕೈ ತೊಳೆದುಕೊಂಡರೆ ಅದು ಮರುಬಳಕೆ ಆಗುವುದಿಲ್ಲ. ಹಳೆ ಟೈರಿಗೆ ಈಗ ತಯಾರಕರೇ ಜವಾಬ್ದಾರರು ಅನ್ನುವ ನಿಯಮ 2022ರಿಂದ ಇದೆ. ಟೈರಿಗೆ ಅದಕ್ಕೇ ಆದ ದಾರಿ ಇದೆ. ಮೇಲ್ಪದರ ಸವೆದರೂ ಒಳಗಿನ ಕವಚ ಗಟ್ಟಿಯಿದ್ದರೆ ರಿಟ್ರೆಡ್ ಮಾಡಿಸಿ, ಅಂದರೆ ಹೊಸ ಮೇಲ್ಪದರ ಹಾಕಿಸಿ, ಬಸ್ಸು, ಲಾರಿಗಳು ಓಡುತ್ತವೆ. ಅದೂ ಮುಗಿದ ಮೇಲೆ ಪುಡಿ ಮಾಡಿ ರಸ್ತೆಯ ಡಾಂಬರಿಗೆ ಬೆರೆಸುತ್ತಾರೆ. ಬೆಲ್ಲದ ಒಲೆ ಆ ದಾರಿಯಲ್ಲಿ ಎಲ್ಲೂ ಬರುವುದಿಲ್ಲ.

ಈಗ ಸಿಪ್ಪೆ ಸಾಲದ ವಿಚಾರಕ್ಕೆ ಬರೋಣ. ಅರ್ಧ ನೀರಿರುವ ಸಿಪ್ಪೆಯ ಕಿಲೋಗೆ ಸುಮಾರು 2,200 ಕಿಲೋಕ್ಯಾಲರಿ ಶಾಖ. ಪೂರ್ತಿ ಒಣಗಿದ್ದರೆ ಅದರ ಎರಡರಷ್ಟು. ಅಂದರೆ ನಿಮಗೆ ಬೇಕಿರುವುದು ಒಣಗಿಸುವ ಜಾಗ. ಬೇಸಿಗೆಯ ಸಿಪ್ಪೆಯನ್ನು ಒಂದು ಶೀಟಿನ ಮಾಡಿನ ಕೆಳಗೆ ಮಳೆಗಾಲಕ್ಕೆ ಕೂಡಿಟ್ಟುಕೊಳ್ಳಿ. ನೆಲದಿಂದ ಸ್ವಲ್ಪ ಎತ್ತರಿಸಿ ಒಟ್ಟಿ, ನಾಲ್ಕೂ ಕಡೆ ಗಾಳಿ ಆಡಲಿ. ಎರಡನೆಯದು ಗಾಣ. ಮೂರು ರೋಲಿನ ಹಳೆ ಗಾಣದಲ್ಲಿ ರೋಲ್ ಸವೆದಿದ್ದರೆ ರಸ ಸಿಪ್ಪೆಯಲ್ಲೇ ಉಳಿಯುತ್ತದೆ. ಬೆಲ್ಲವೂ ನಷ್ಟ, ಸಿಪ್ಪೆಯೂ ಒದ್ದೆ. ಮೂರನೆಯದು ಒಲೆ. ಚಿಮಣಿಯ ಬುಡ ಮುಟ್ಟಲಾಗದಷ್ಟು ಬಿಸಿ ಇದ್ದರೆ ನಿಮ್ಮ ಉರುವಲು ಆಕಾಶ ಕಾಯಿಸುತ್ತಿದೆ ಎಂದರ್ಥ. ಆ ಬಿಸಿ ಹೋಗುವ ದಾರಿಯ ಮೇಲೆ ಇನ್ನೊಂದು ಕೊಪ್ಪರಿಗೆ ಕೂರಿಸಿ ಮುಂದಿನ ರಸ ಬೆಚ್ಚಗಾಗಲು ಬಿಡಿ. ಎರಡು-ಮೂರು ಕೊಪ್ಪರಿಗೆಯ ಒಲೆಗಳು ಉರುವಲು ಉಳಿಸುವುದು ಹೀಗೆ. ಇಷ್ಟು ಮಾಡಿದ ಎಷ್ಟೋ ಆಲೆಮನೆಗಳಲ್ಲಿ ಸಿಪ್ಪೆ ಸಾಲುವುದು ಮಾತ್ರವಲ್ಲ, ಮಿಗುತ್ತದೆ. ಮಿಕ್ಕದ್ದನ್ನು ಮಾರಬಹುದು.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಎಳನೀರು ಬುರುಡೆಯದೇ ದೊಡ್ಡ ಕಾಟ. ಕಸದ ಆಟೋದವರು ಭಾರ ಅಂತ ತೆಗೆದುಕೊಳ್ಳುವುದಿಲ್ಲ. ಇದಕ್ಕೆ ಏನಾದರೂ ಉಪಯೋಗ ಉಂಟಾ?
ವಾರ್ಡಿನ ಸ್ವಯಂಸೇವಕರು, ಕುವೆಂಪುನಗರ, ಮೈಸೂರು

ಉಂಟು. ಆದರೆ ಮೊದಲು ಭಾರದ ವಿಚಾರ. ಹಸಿ ಬುರುಡೆಯ ತೂಕದಲ್ಲಿ ಬಹುಪಾಲು ನೀರು. ಹಾಗೇ ಲಾರಿಗೆ ತುಂಬಿ ದೂರ ಕಳಿಸಿದರೆ ಡೀಸೆಲ್ ಸುಟ್ಟು ನೀರು ಸಾಗಿಸಿದಂತೆ. ಹಾಗಾಗಿ ಜಜ್ಜುವ ಯಂತ್ರ ವಾರ್ಡಿನ ಹತ್ತಿರವೇ ಇರಬೇಕು. ಜಜ್ಜಿ ಹಿಂಡಿದ ಮೇಲೆ ನಾರು, ಪುಡಿ ಬೇರೆಯಾಗುತ್ತವೆ. ನಾರಿಗೆ ಹಗ್ಗ, ಚಾಪೆ, ಹಾಸಿಗೆಯವರು ಗಿರಾಕಿಗಳು. ಎಳೆಯ ಕಾಯಿಯ ನಾರು ಬಲಿತ ಕಾಯಿಯದಷ್ಟು ಗಟ್ಟಿ ಇರುವುದಿಲ್ಲ, ಬೆಲೆ ಸ್ವಲ್ಪ ಕಡಿಮೆ ಸಿಗುತ್ತದೆ. ಪುಡಿಯೇ ಕೊಕೊಪೀಟ್. ತನ್ನ ತೂಕದ ಎಷ್ಟೋ ಪಟ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ, ನರ್ಸರಿಯವರಿಗೆ ಬೇಕೇ ಬೇಕು. ಅದರಲ್ಲಿ ಉಪ್ಪಿನಂಶ ಇರುವುದರಿಂದ ಚೆನ್ನಾಗಿ ತೊಳೆದ ಮೇಲೆ ಮಾತ್ರ ಕುಂಡಕ್ಕೆ ಹಾಕಬೇಕು. ಹಸಿ ಪುಡಿ ನೇರ ಹಾಕಿದವರ ಗಿಡ ಸುಟ್ಟು ಹೋಗಿರುವುದನ್ನು ನಾನು ನೋಡಿದ್ದೇನೆ.

ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಲಾರಿಗಟ್ಟಲೆ ಕಾಯಿ ದೊಡ್ಡ ನಗರಗಳಿಗೆ ಹೋಗುತ್ತದೆ. ನೀರು ಕುಡಿದು ಬಿಸಾಡಿದ ಬುರುಡೆ ಅಲ್ಲೇ ಉಳಿಯುತ್ತದೆ. ತೋಟದ ಪೊಟ್ಯಾಷ್ ಕೂಡ ಅದರ ಜೊತೆ ಅಲ್ಲೇ ಉಳಿಯುತ್ತದೆ. ತೋಟದವರು ಮತ್ತೆ ಗೊಬ್ಬರದ ಅಂಗಡಿಗೆ ಹೋಗುತ್ತಾರೆ. ನಗರದ ಕಸವನ್ನು ಊರಿನ ಮಣ್ಣಿನ ಸಾಲ ಅಂತ ನೋಡಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

2015 ಮತ್ತು 2016ರಲ್ಲಿ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ಊರು ನಿಮ್ಮದು. ಕುಂಬಾರಕೊಪ್ಪಲಿನಲ್ಲಿ ವಾರ್ಡಿನ ಕಸವನ್ನು ಅಲ್ಲೇ ವಿಂಗಡಿಸುವ ಕೆಲಸ ಬಹಳ ಹಿಂದೆಯೇ ಶುರುವಾಗಿದೆ. ಹೋಗಿ ಒಮ್ಮೆ ನೋಡಿ. ನಿಮ್ಮ ಬಡಾವಣೆಯ ಎಳನೀರಿನವರನ್ನೂ ಕರೆದುಕೊಂಡು ಹೋಗಿ. ಬುರುಡೆಯ ಜೊತೆ ಸ್ಟ್ರಾ, ಕವರು ಎಸೆಯಬಾರದು ಅನ್ನುವುದು ಅವರಿಗೆ ಕಣ್ಣಾರೆ ಕಂಡರೆ ಬೇಗ ಮನದಟ್ಟಾಗುತ್ತದೆ. ಯಂತ್ರ ಬರುವವರೆಗೆ ಬುರುಡೆಯನ್ನು ಬೋರಲು ಹಾಕಿಸಿ. ಮಳೆ ನೀರು ನಿಂತರೆ ಡೆಂಗಿ ಸೊಳ್ಳೆಗೆ ಅಷ್ಟೇ ಸಾಕು.

ಪ್ರಶ್ನೆ: ನನ್ನದು ಸಣ್ಣ ಮಷೀನ್ ಶಾಪ್. ಅಲ್ಯುಮಿನಿಯಂ, ಎಂ.ಎಸ್. (ಸಾಧಾರಣ ಮೆದು ಉಕ್ಕು), ಹಿತ್ತಾಳೆ ಮೂರೂ ಕೆಲಸ ಬರುತ್ತದೆ. ಸ್ಕ್ರ್ಯಾಪಿಗೆ ಗುಜರಿಯವರು ಕೊಡುವ ರೇಟು ನೋಡಿದರೆ ಬೇಜಾರಾಗುತ್ತದೆ. ದೊಡ್ಡ ಕಂಪನಿಗಳವರು 'ನಿಮ್ಮ ಯೂನಿಟ್ಟಿನ ಸುಸ್ಥಿರತೆಯ ವರದಿ ಕೊಡಿ' ಅಂತ ಬೇರೆ ಕೇಳುತ್ತಿದ್ದಾರೆ.
ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ನಿಮ್ಮ ಎರಡು ತೊಂದರೆಗೂ ಒಂದೇ ಕೆಲಸದಿಂದ ಅರ್ಧ ಪರಿಹಾರ ಸಿಗುತ್ತದೆ. ಲೇತಿನ ಕೆಳಗಿನ ಟ್ರೇ ನೋಡಿ. ಬೆಳ್ಳಗೆ ಸುರುಳಿ ಸುರುಳಿಯಾಗಿ ಬಿದ್ದ ಅಲ್ಯುಮಿನಿಯಂ ಚಿಪ್ಸ್, ಅದರ ಮಧ್ಯೆ ನೀಲಿಗಟ್ಟಿದ ಉಕ್ಕಿನ ಚೂರು, ಎಲ್ಲದರ ಮೇಲೂ ಕೂಲೆಂಟ್, ಅಂದರೆ ಯಂತ್ರ ತಣಿಸಲು ಬಿಡುವ ದ್ರವ. ಕರಗಿಸುವವರಿಗೆ ಇದು ದೊಡ್ಡ ಕಿರಿಕಿರಿ. ಕರಗಿದ ಅಲ್ಯುಮಿನಿಯಂ ಒಳಗೆ ಕಬ್ಬಿಣ ಸೇರಿಬಿಟ್ಟರೆ ಮತ್ತೆ ಬೇರೆ ಮಾಡುವುದು ಬಹಳ ಕಷ್ಟ. ಲೋಹ ಪೆಡಸಾಗುತ್ತದೆ, ಒಳ್ಳೆ ಎರಕಕ್ಕೆ ಬರುವುದಿಲ್ಲ. ಆ ನಷ್ಟವನ್ನೆಲ್ಲ ಮೊದಲೇ ಲೆಕ್ಕ ಹಾಕಿ ಗುಜರಿಯವರು ನಿಮ್ಮ ರೇಟು ಇಳಿಸುತ್ತಾರೆ.

ಲೋಹ ಬದಲಾದಾಗ ಟ್ರೇ ಬದಲಾಯಿಸುವ ಅಭ್ಯಾಸ ಮಾಡಿಸಿ. ಮೂರು ಬಣ್ಣದ ಡ್ರಮ್ ಇಡಿ. ಚಿಪ್ಸನ್ನು ರಾತ್ರಿ ಜಾಲರಿಯ ಮೇಲೆ ಬಿಟ್ಟರೆ ಕೂಲೆಂಟ್ ಕೆಳಗಿಳಿಯುತ್ತದೆ. ಸೋಸಿ ಮತ್ತೆ ಬಳಸಬಹುದು, ತೂಕದಲ್ಲಿ ಎಣ್ಣೆ ಕಳೆಯುವ ಜಗಳವೂ ಇರುವುದಿಲ್ಲ. ಹಿತ್ತಾಳೆ ಒಂದು ಗ್ರಾಂ ಕೂಡ ಬೇರೆಯದಕ್ಕೆ ಹೋಗದಂತೆ ನೋಡಿಕೊಳ್ಳಿ. ಸುಟ್ಟ ಎಣ್ಣೆಯನ್ನು ಮಾತ್ರ ಅಧಿಕೃತ ಪರವಾನಗಿ ಇರುವವರಿಗೇ ಕೊಟ್ಟು ರಸೀದಿ ಪಡೆಯಿರಿ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ.

ವರದಿಗೆ ದೊಡ್ಡ ಭಾಷೆ ಬೇಡ. ತಿಂಗಳಿಗೆ ಎಷ್ಟು ಲೋಹ ಕೊಂಡಿರಿ, ಎಷ್ಟು ಕಿಲೋ ಬಿಡಿಭಾಗವಾಗಿ ಹೋಯಿತು, ಎಷ್ಟು ಚಿಪ್ಸ್ ಯಾರಿಗೆ ಹೋಯಿತು, ಇಷ್ಟು ಬರೆದಿಡಿ. ಅದಿರಿನಿಂದ ಅಲ್ಯುಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ನೂರಕ್ಕೆ ಐದು ಭಾಗದಷ್ಟರಲ್ಲೇ ಸ್ಕ್ರ್ಯಾಪ್ ಕರಗಿಸಿ ಮತ್ತೆ ಲೋಹ ಮಾಡಬಹುದು. ನಿಮ್ಮ ಶುದ್ಧ ಚಿಪ್ಸಿನ ಬೆಲೆ ಇರುವುದು ಅಲ್ಲಿ. ಸಣ್ಣ ಯೂನಿಟ್ಟಿನ ಚಿಪ್ಸ್ ಒಂದು ಲೋಡ್ ಆಗುವುದಿಲ್ಲ ಅಂದರೆ ಅಕ್ಕಪಕ್ಕದ ನಾಲ್ಕು ಶೆಡ್ಡಿನವರು ಸೇರಿ ಒಟ್ಟಿಗೆ ಮಾರಿ. ಚೌಕಾಸಿಗೆ ಬಲ ಬರುತ್ತದೆ.

ಪ್ರಶ್ನೆ: ಹೋಟೆಲಿನಲ್ಲಿ ಬೋಂಡ, ವಡೆ ಕರಿದ ಎಣ್ಣೆ ಉಳಿಯುತ್ತದೆ. ಒಬ್ಬರು ಬಂದು ಕೊಳ್ಳುತ್ತೇವೆ ಅನ್ನುತ್ತಾರೆ. ಕೊಡಬಹುದಾ?
ಹೋಟೆಲ್ ಮಾಲೀಕರು, ಶ್ರೀರಂಗಪಟ್ಟಣ

ಯಾರು, ಯಾತಕ್ಕೆ ಕೊಳ್ಳುತ್ತಾರೆ ಅನ್ನುವುದನ್ನು ಮೊದಲು ಕೇಳಿ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಪೋಲಾರ್ ಕಾಂಪೌಂಡ್ ಅನ್ನುವ ಕೆಟ್ಟ ಅಂಶ ನೂರಕ್ಕೆ 25 ಭಾಗ ದಾಟಿದರೆ ಅಡುಗೆಗೆ ಬಳಸುವಂತಿಲ್ಲ. 2018ರ ಜುಲೈಯಿಂದ ಈ ನಿಯಮ ಇದೆ. ಅದೇ ವರ್ಷ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಎಣ್ಣೆಯನ್ನು ಬಯೋಡೀಸೆಲ್ ಮಾಡುವವರಿಗೆ ತಲುಪಿಸುವ ರುಕೋ ಯೋಜನೆ ಶುರು ಮಾಡಿತು. ಆ ಯೋಜನೆಯಲ್ಲಿ ನೋಂದಾಯಿಸಿದವರಿಗೆ ಕೊಡಿ, ರಸೀದಿ ಇಟ್ಟುಕೊಳ್ಳಿ. ಗುರುತಿಲ್ಲದವರಿಗೆ ಕೊಟ್ಟ ಎಣ್ಣೆ ಬೇರೆ ಡಬ್ಬ ಸೇರಿ ಮತ್ತೆ ಯಾರದೋ ಬಾಣಲೆಗೆ ಬರುವ ಅಪಾಯ ಇದೆ. ಎಣ್ಣೆಗೆ ನೀರು ಬೆರೆಯದಂತೆ ಸೋಸಿ, ಮುಚ್ಚಳ ಇರುವ ಕ್ಯಾನಿನಲ್ಲಿ ಇಡಿ. ನೀರು ಇದ್ದರೆ ಬಯೋಡೀಸೆಲ್ ಬದಲು ಸೋಪು ಕಟ್ಟುತ್ತದೆ.

ಪ್ರಶ್ನೆ: ಹಳೆಯದನ್ನೇ ತಿರುಗಿಸಿ ಬಳಸುತ್ತಾ ಹೋದರೆ ಹೊಸ ಮಾಲು ಯಾರು ಕೊಳ್ಳುತ್ತಾರೆ? ಬೆಳವಣಿಗೆ ಎಲ್ಲಿಂದ ಬರುತ್ತದೆ? ಇದೆಲ್ಲ ಸುಮ್ನೆ ಕೇಳಲು ಚಂದ ಅನ್ನಿಸುತ್ತದೆ.
ನಿವೃತ್ತ ಬ್ಯಾಂಕ್ ಉದ್ಯೋಗಿ, ಮದ್ದೂರು

ಸರ್, ನಿಮ್ಮ ಅನುಮಾನಕ್ಕೆ ಬೆಲೆ ಇದೆ. ವೃತ್ತ ಪೂರ್ತಿ ಮುಚ್ಚುವುದಿಲ್ಲ ಅನ್ನುವುದು ನಿಜ. ಕಾಗದವನ್ನು ಮತ್ತೆ ಮತ್ತೆ ಅರೆದಂತೆಲ್ಲ ನಾರು ಗಿಡ್ಡವಾಗುತ್ತದೆ, ಐದಾರು ಸುತ್ತಿನ ನಂತರ ಕೈಗೆ ಬರುವುದಿಲ್ಲ. ಲೋಹ ಕರಗಿಸಲು ಕರೆಂಟು ಬೇಕು. ಲಾರಿ ಓಡಲು ಡೀಸೆಲ್ ಬೇಕು.

ಆದರೆ ಬೆಳವಣಿಗೆ ಎಂದರೆ ಹೆಚ್ಚು ಟನ್ ಅಂತಲೇ ಯಾಕೆ ಅಂದುಕೊಳ್ಳಬೇಕು? ನಮ್ಮ ಜಿಲ್ಲೆಯನ್ನೇ ನೋಡಿ. ನಾಲೆ ನೀರು ಬಂದಿತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಬಂದಿತು, ಊರು ಬೆಳೆಯಿತು. ಅದು ನೀರು ಸಾಕಷ್ಟಿದ್ದ ಕಾಲದ ಬೆಳವಣಿಗೆ. ಕನ್ನಂಬಾಡಿ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಅದನ್ನು ನಾವು ಯಾರೂ ಜಾಸ್ತಿ ಮಾಡಲು ಆಗುವುದಿಲ್ಲ. 2023ರಲ್ಲಿ ಮಳೆ ಕೈಕೊಟ್ಟಾಗ ಜಿಲ್ಲೆ ಹೇಗೆ ಬೀದಿಗಿಳಿಯಿತು ಅನ್ನುವುದನ್ನು ನೀವೂ ನೋಡಿದ್ದೀರಿ. ಇನ್ನು ಮುಂದೆ ಅದೇ ನೀರಿನಲ್ಲಿ, ಅದೇ ಕಬ್ಬಿನಲ್ಲಿ ಜಾಸ್ತಿ ಕೆಲಸ, ಜಾಸ್ತಿ ಆದಾಯ ಹುಟ್ಟಬೇಕು. ಕರೆಂಟು, ಗೊಬ್ಬರ, ಗ್ಯಾಸ್, ಕಾಗದ ಎಲ್ಲ ಒಂದೇ ಟನ್ನಿನಿಂದ. ಹಾಗಾಗಿಯೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಥೆನಾಲಿಗೆ ಬೇಡಿಕೆ ಇದೆ ಅಂತ ಭತ್ತ, ರಾಗಿ ಬಿಟ್ಟು ಇನ್ನಷ್ಟು ಕಬ್ಬು ಹಾಕಿದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಉಳಿಕೆಗಾಗಿ ಬೆಳೆ ಬೆಳೆಯಬಾರದು. ಬೆಳೆದ ಬೆಳೆಯ ಉಳಿಕೆ ಬಳಸಬೇಕು.

ಕೆಲಸದ ವಿಚಾರ. ಹೊಸ ಬ್ಯಾಟರಿ ಮಾರುವವನ ಜೊತೆಗೆ ಹಳೆಯದನ್ನು ವಾಪಸ್ ಪಡೆಯುವವನು, ಬಿಚ್ಚುವವನು, ಸೀಸ ಕರಗಿಸುವವನು ಬೇಕು. ರಿಪೇರಿ, ರಿಟ್ರೆಡ್, ವಿಂಗಡಣೆ ಇವೆಲ್ಲ ಊರಿನಲ್ಲೇ ಆಗುವ ಕೆಲಸ. ಗಣಿ ಇರುವ ದೂರದ ದೇಶಕ್ಕೆ ಹೋಗುವ ದುಡ್ಡಿನಲ್ಲಿ ಒಂದು ಪಾಲು ಇಲ್ಲೇ ಸಂಬಳವಾಗುತ್ತದೆ.

ಕೇಳಲು ಮಾತ್ರ ಚಂದ ಅಂದಿರಿ. ಡೆನ್ಮಾರ್ಕಿನಲ್ಲಿ ಕಲುಂಡ್‌ಬೋರ್ಗ್ ಅನ್ನುವ ಸಣ್ಣ ಊರಿದೆ. ಅಲ್ಲಿ ಅಂತರ್ಜಲ ಕಡಿಮೆ. 1961ರಲ್ಲಿ ಎಣ್ಣೆ ಶುದ್ಧೀಕರಣ ಘಟಕಕ್ಕೆ ಕೆರೆಯ ನೀರು ತಂದರು. 1972ರಲ್ಲಿ ಆ ಘಟಕದ ಮಿಕ್ಕ ಗ್ಯಾಸನ್ನು ಪಕ್ಕದ ಜಿಪ್ಸಂ ಹಲಗೆ ಕಾರ್ಖಾನೆ ತೆಗೆದುಕೊಂಡಿತು. ಮುಂದೆ ವಿದ್ಯುತ್ ಕೇಂದ್ರದ ಹಬೆ ಊರಿನ ಮನೆ ಬೆಚ್ಚಗಿಡಲು ಹೋಯಿತು, ಅದರ ಹೊಗೆ ತೊಳೆದಾಗ ಸಿಕ್ಕ ಜಿಪ್ಸಂ ಹಲಗೆಯವರಿಗೆ ಹೋಯಿತು. ಔಷಧ ಕಾರ್ಖಾನೆಯ ಉಳಿಕೆ ಹೊಲಕ್ಕೆ ಗೊಬ್ಬರವಾಯಿತು. ಯಾರೂ ಮೇಲಿನಿಂದ ದೊಡ್ಡ ಯೋಜನೆ ಹಾಕಿ ಮಾಡಿಸಿದ್ದಲ್ಲ. ಒಬ್ಬೊಬ್ಬರೂ ಲಾಭ ಇದೆ ಅನ್ನಿಸಿದ್ದಕ್ಕೆ ಒಪ್ಪಂದ ಮಾಡಿಕೊಂಡರು. ಸಣ್ಣ ಊರು, ಕಾರ್ಖಾನೆಗಳ ಅಧಿಕಾರಿಗಳಿಗೆ ಒಬ್ಬರಿಗೊಬ್ಬರ ಪರಿಚಯ ಇತ್ತು. ಮಂಡ್ಯವೂ ಅಷ್ಟೇ ಸರ್. ಸಕ್ಕರೆ ಕಾರ್ಖಾನೆ, ಅಕ್ಕಿ ಗಿರಣಿ, ಆಲೆಮನೆ, ರೇಷ್ಮೆ, ಹಾಲಿನ ಡೇರಿ ಎಲ್ಲ ಒಂದು ಗಂಟೆಯ ದಾರಿಯೊಳಗೆ ಇವೆ. ಭತ್ತದ ತೂಕದಲ್ಲಿ ಐದರಲ್ಲಿ ಒಂದು ಪಾಲು ಹೊಟ್ಟು. ಅದರ ಬೂದಿಯಲ್ಲಿ ಬಹುಪಾಲು ಸಿಲಿಕಾ, ಸರಿಯಾಗಿ ಸುಟ್ಟರೆ ಸಿಮೆಂಟಿಗೆ ಬೆರೆಸಬಹುದು. ಅಕ್ಕಿ ಗಿರಣಿಯವರಿಗೆ ಈ ಬೂದಿಯದೇ ಕಾಟ, ಇಟ್ಟಿಗೆ, ಬ್ಲಾಕ್ ಮಾಡುವವರು ಹತ್ತಿರದಲ್ಲೇ ಇದ್ದಾರೆ. ಇಬ್ಬರನ್ನೂ ಒಂದು ಟೇಬಲ್ಲಿಗೆ ತರುವವರು ಬೇಕು. ನೀವು ಬ್ಯಾಂಕಿನಲ್ಲಿ ಇದ್ದವರು, ಇಬ್ಬರ ಸಾಲದ ಫೈಲೂ ನೋಡಿರುತ್ತೀರಿ. ಈ ಕೆಲಸಕ್ಕೆ ನಿಮ್ಮಂಥವರೇ ಸರಿ ಅಂತ ನಾನು ಮನಸಾರೆ ಹೇಳುತ್ತೇನೆ.

ಪ್ರಶ್ನೆ: ಮನೆಯಲ್ಲಿ ಹಾಳಾದ ಮೊಬೈಲು, ಇನ್ವರ್ಟರ್ ಬ್ಯಾಟರಿ, ಚಾರ್ಜರು ಎಲ್ಲ ಡ್ರಾಯರಿನಲ್ಲಿ ತುಂಬಿವೆ. ಯಾರಿಗೆ ಕೊಡಲಿ ಅಕ್ಕ?
ಗೃಹಿಣಿ, ಮಂಡ್ಯ

ಇನ್ವರ್ಟರ್ ಬ್ಯಾಟರಿ ಸುಲಭ. ಹೊಸದು ಕೊಳ್ಳುವ ಅಂಗಡಿಯಲ್ಲೇ ಕೊಡಿ, ಹಳೆಯದರ ಬೆಲೆಯನ್ನು ಹೊಸದರ ಬಿಲ್ಲಿನಲ್ಲಿ ಕಳೆಯುತ್ತಾರೆ. ಮನೆ ಬಾಗಿಲಿಗೆ ಬರುವವರು ಇನ್ನೂರು ಜಾಸ್ತಿ ಕೊಡುತ್ತೇವೆ ಅಂದರೂ ಕೊಡಬೇಡಿ. ಹಿತ್ತಲಿನಲ್ಲಿ ಆ್ಯಸಿಡ್ ಚೆಲ್ಲಿ ಸೀಸ ಕರಗಿಸಿದರೆ ಆ ಕೇರಿಯ ಮಕ್ಕಳ ರಕ್ತಕ್ಕೆ ಸೀಸ ಸೇರುತ್ತದೆ. ಮೊಬೈಲು, ಚಾರ್ಜರುಗಳನ್ನು ಆಯಾ ಬ್ರ್ಯಾಂಡಿನ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ. 2023ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮದ ಪ್ರಕಾರ, ಮಾರಿದ ವಸ್ತು ಕೊನೆಗೆ ನೋಂದಾಯಿತ ರೀಸೈಕಲ್ ಘಟಕ ಸೇರುವಂತೆ ನೋಡಿಕೊಳ್ಳುವುದು ತಯಾರಕರ ಜವಾಬ್ದಾರಿ. ಕೊಡುವ ಮೊದಲು ಫೋಟೊ, ನಂಬರುಗಳನ್ನು ಅಳಿಸಿ, ಸಿಮ್ ತೆಗೆಯಿರಿ. ಉಬ್ಬಿದ ಮೊಬೈಲ್ ಬ್ಯಾಟರಿ ಇದ್ದರೆ ಅದನ್ನು ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಕಸದ ಗಾಡಿಯಲ್ಲಿ ಅದುಮಿದಾಗ ಬೆಂಕಿ ಹತ್ತುತ್ತದೆ. ಒಣ ಮರಳು ತುಂಬಿದ ಹಳೆ ಡಬ್ಬದಲ್ಲಿ ಬೇರೆ ಇಟ್ಟು, ಈ ವಾರವೇ ತಲುಪಿಸಿಬಿಡಿ.